ಹಗ್ಗಕ್ಕೆ ನೇತುಹಾಕಿದ ನೌನ್ ಫ್ರೇಸ್: ನನ್ನ ಅನುಭವ

"ಎಂತ ಮಾಷ್ಟ್ರೇ, ಟ್ಯೂಷನ್ ಬಿಟ್ಟು ಬಟ್ಟೆ ಒಗೆಯುವ ಕೆಲಸ ಶುರು ಮಾಡಿದ್ದಾ?"

ನನ್ನ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ ನೋಡಿ ಒಬ್ಬ ಹಿರಿಯ ಮಾಷ್ಟ್ರು ಕೇಳಿದ್ದು ಇದು. ಮೂರು ವರ್ಷ ಆಯಿತು. ಆಗ ಸುಮ್ನೆ ನಕ್ಕಿದ್ದೆ. ಈಗ ಹಗ್ಗ ಕೆಲಸ ಮಾಡಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಅಂಗಡಿಯ ಮೇಲಿನ ಒಂದು ಕೋಣೆ ನನ್ನದು. ಬೆಳಿಗ್ಗೆ ಏಳಕ್ಕೆ ಕನ್ನಡ ಮೀಡಿಯಂನ ಹತ್ತನೇ ಕ್ಲಾಸಿನ ಮಕ್ಕಳು ಬರುತ್ತಾರೆ. ಸಂಜೆ ಆರಕ್ಕೆ ಗಲ್ಫಿಗೆ ಹೊರಟ ಹುಡುಗರು. ಬೆಳಗ್ಗಿನವರಿಗೆ ಬರೆಯುವ ಇಂಗ್ಲಿಷ್ ಬೇಕು, ಸಂಜೆಯವರಿಗೆ ಮಾತಾಡುವ ಇಂಗ್ಲಿಷ್. ಎರಡೂ ಬ್ಯಾಚಿನವರು ಎಡವುವುದು ಮಾತ್ರ ಒಂದೇ ಕಡೆ, ನೌನ್ ಫ್ರೇಸಿನಲ್ಲಿ, ಅಂದರೆ ಒಂದು ನಾಮಪದ ಮತ್ತು ಅದಕ್ಕೆ ಅಂಟಿಕೊಂಡ ಪದಗಳ ಗುಂಪಿನಲ್ಲಿ. ಟೆನ್ಸ್ ತಪ್ಪಿದರೆ ಹೇಗೋ ಅರ್ಥವಾಗುತ್ತದೆ. 'ನಿನ್ನೆ ಬಂದ ಹುಡುಗನ ಪುಸ್ತಕ' ಅನ್ನಲು ಹೋಗಿ 'ಯೆಸ್ಟರ್‌ಡೇ ಕಮ್ ಬಾಯ್ ಬುಕ್' ಅಂದರೆ ಎದುರಿನವರು ಏನು ಮಾಡಬೇಕು?

ಮೊದಲು ಹಾಳು ಮಾಡಿದ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಮಂಗಳೂರಿಗೆ ಹೋಗಿ ಬಣ್ಣದ ಚಾರ್ಟು ಪ್ರಿಂಟ್ ಮಾಡಿಸಿದೆ. ಲ್ಯಾಮಿನೇಶನ್ ಎಲ್ಲ ಸೇರಿ ಹತ್ತಿರ ಹತ್ತಿರ 4,200 ರೂಪಾಯಿ. ಡಿಟರ್ಮಿನರ್ (ಎ, ದ, ಮೈ ಥರದ್ದು), ಮಾಡಿಫೈಯರ್ (ಎಂಥದ್ದು ಅಂತ ಹೇಳುವ ಪದ), ಹೆಡ್ (ಮುಖ್ಯ ನಾಮಪದ) ಅಂತ ಚೌಕಗಳು, ನಡುವೆ ಬಾಣಗಳು. ಮಕ್ಕಳು ಬಾಣದ ಬಣ್ಣ ಚೆನ್ನಾಗಿದೆ ಅಂದರು, ಅಷ್ಟೇ. ಅದರಲ್ಲಿ ಎರಡು ಚಾರ್ಟು ಈಗ ಕಿಟಕಿಯಿಂದ ಒಳಗೆ ಬರುವ ಮಳೆನೀರಿಗೆ ಅಡ್ಡ ಇವೆ. ಆಮೇಲೆ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್, 9,000 ಇರಬೇಕು. ಜೂನ್ ತಿಂಗಳ ಸಿಡಿಲಿಗೆ ಅದು ಹೋಯಿತು. ಅದಕ್ಕೆ ಸರಿಯಾಗಿ ಒಂದೂವರೆ ತಿಂಗಳ ಆಯುಸ್ಸು.

ದುಡ್ಡಿಗಿಂತ ಜಾಸ್ತಿ ನಷ್ಟ ಆದದ್ದು ಸಮಯ. ವಿಶೇಷಣಗಳ ಕ್ರಮ ಅಂತ ಒಂದು ಪಟ್ಟಿ ಇದೆಯಲ್ಲ, ಮೊದಲು ಅಭಿಪ್ರಾಯ, ಆಮೇಲೆ ಗಾತ್ರ, ವಯಸ್ಸು, ಆಕಾರ, ಬಣ್ಣ, ಊರು, ಕೊನೆಗೆ ವಸ್ತು. ಅದನ್ನು ಒಂದು ತಿಂಗಳು ಬಾಯಿಪಾಠ ಮಾಡಿಸಿದೆ. ಒಬ್ಬ ಹುಡುಗ ಪಟ್ಟಿಯನ್ನು ಮಗ್ಗಿಯ ಹಾಗೆ ಒಪ್ಪಿಸಿದ. ಪರೀಕ್ಷೆಯಲ್ಲಿ 'ದಿಸ್ ಮೈ ಬಿಗ್ ಹೌಸ್' ಅಂತ ಬರೆದ.

ಆ ದಿನ ಸಿಟ್ಟಿನಲ್ಲಿ ಒಂದು ಇಂಗ್ಲಿಷ್ ಪೇಪರಿನ ಮುಖಪುಟ ತೆಗೆದು ಪೆನ್ಸಿಲ್ ಹಿಡಿದು ಕೂತೆ. ನೌನ್ ಫ್ರೇಸ್ ಕಂಡಲ್ಲೆಲ್ಲ ಗೀಟು. ಸುಮಾರು ಇನ್ನೂರು ಸಿಕ್ಕಿತು. ಮೂರು ವಿಶೇಷಣ ಸಾಲಾಗಿ ನಿಂತದ್ದು ಒಂದೋ ಎರಡೋ. ಆದರೆ ಅರ್ಧಕ್ಕಿಂತ ಜಾಸ್ತಿಗೆ ಮುಂದೆಯೋ ಹಿಂದೆಯೋ ಏನಾದರೂ ಅಂಟಿಕೊಂಡಿತ್ತು. ಹಿಂದೆ ಅಂಟಿದ್ದರಲ್ಲಿ 'ಆಫ್', 'ಇನ್', 'ಫಾರ್' ಇವುಗಳದ್ದೇ ದರ್ಬಾರು, 'ಆಫ್' ಅಂತೂ ಎಲ್ಲಿ ನೋಡಿದರೂ. ಮರುದಿನ ಇಬ್ಬರು ಇಂಗ್ಲಿಷರು ಅಡುಗೆ ಮಾಡುತ್ತಾ ಹರಟೆ ಹೊಡೆಯುವ ವೀಡಿಯೊ ಹಾಕಿ ಅದನ್ನೂ ಎಣಿಸಿದೆ. ಅಲ್ಲಿ ಲೋಕವೇ ಬೇರೆ. 'ಐ', 'ಯೂ', 'ಇಟ್', 'ದ್ಯಾಟ್', 'ದಿಸ್ ಒನ್'. ಇನ್ನೂರರಲ್ಲಿ ಬಾಲ ಇದ್ದದ್ದು, ಕೊಂಬು ಇದ್ದದ್ದು ಎಲ್ಲ ಸೇರಿ ಮೂವತ್ತೋ ನಲವತ್ತೋ. ನಾನು ಎರಡೂ ಬ್ಯಾಚಿಗೆ ಒಂದೇ ನೋಟ್ಸ್ ಕೊಡುತ್ತಿದ್ದೆ ಅಂತ ಹೊಳೆದದ್ದು ಆಗ.

ಹಗ್ಗದ ಐಡಿಯಾ ಬಂದದ್ದು ಮಳೆಗಾಲದಲ್ಲಿ ಒಣಗದ ಅಂಗಿ ನೋಡುತ್ತಾ ಕೂತಾಗ. ಮೊದಲು ತೆಂಗಿನ ನಾರಿನ ಹಗ್ಗ ಕಟ್ಟಿದೆ. ದಪ್ಪ ಜಾಸ್ತಿ, ಕ್ಲಿಪ್ಪು ಕಚ್ಚಲಿಲ್ಲ. ಆಮೇಲೆ ನೈಲಾನ್ ಹಗ್ಗ, ಎರಡು ಡಜನ್ ಕ್ಲಿಪ್ಪು, ಎಲ್ಲ ಸೇರಿ 140 ರೂಪಾಯಿ. ಪದ ಬರೆದು ಹಗ್ಗಕ್ಕೆ ನೇತುಹಾಕುವ ಕಾರ್ಡಿಗೆ ಖರ್ಚಿಲ್ಲ. ಪ್ರೆಸ್ಸಿನಲ್ಲಿ ಮದುವೆ ಕಾಗದದ ಕತ್ತರಿಸಿ ಬಿಟ್ಟ ತುಂಡುಗಳು ಚೀಲಗಟ್ಟಲೆ ಸಿಗುತ್ತವೆ.

ಒಂದು ದಿನದ ಪಾಠ ಹೇಳುತ್ತೇನೆ. ಬೋರ್ಡಿನಲ್ಲಿ ಬರೆದೆ: 'ಅಂಗಡಿಯ ಎದುರು ನಿಂತ ಹಳೆ ಲಾರಿಯ ಡ್ರೈವರ್'. ಪೆರ್ಲ ಕಡೆಯಿಂದ ಬರುವ ಒಂದು ಹುಡುಗಿಯನ್ನು ಕರೆದೆ. ಕೆಂಪು ಕ್ಲಿಪ್ಪು ಒಂದೇ ಇರುವುದು, ಅದು ಯಜಮಾನನಿಗೆ, ಅಂದರೆ ಮುಖ್ಯ ನಾಮಪದಕ್ಕೆ. ಯಾರ ವಿಷಯ ಇದು? "ಡ್ರೈವರ್ ಸಾರ್." ಹಗ್ಗದ ನಡುವೆ ಡ್ರೈವರ್ ನೇತಾಡಿದ. ಈಗ ಕನ್ನಡದಲ್ಲಿ ಹಿಂದೆ ಹಿಂದೆ ನಡೆ. ಯಾವ ಡ್ರೈವರ್? ಲಾರಿಯ. 'ಆಫ್ ದ ಲಾರಿ' ಬಲಗಡೆಗೆ ಬಂತು. ಎಂಥ ಲಾರಿ? ಹಳೆ. ಅವಳು 'ಓಲ್ಡ್' ಕಾರ್ಡನ್ನು ಲಾರಿಯ ಬಲಕ್ಕೆ ಸಿಕ್ಕಿಸಲು ಹೋದಳು, ನಿಂತಳು, ನನ್ನ ಮುಖ ನೋಡಿದಳು. ನಾನು ಮಾತಾಡಲಿಲ್ಲ. ತಾನೇ ತೆಗೆದು 'ಲಾರಿ'ಯ ಎಡಕ್ಕೆ ಹಾಕಿದಳು. ಕೊನೆಗೆ 'ಪಾರ್ಕ್ಡ್ ಇನ್ ಫ್ರಂಟ್ ಆಫ್ ದ ಶಾಪ್' ಬಾಲದಲ್ಲಿ. 'ದ ಡ್ರೈವರ್ ಆಫ್ ದ ಓಲ್ಡ್ ಲಾರಿ ಪಾರ್ಕ್ಡ್ ಇನ್ ಫ್ರಂಟ್ ಆಫ್ ದ ಶಾಪ್.' ಒಂಬತ್ತು ತಿಂಗಳು ಚಾರ್ಟು ತೋರಿಸಿ ಆಗದ್ದು ಹತ್ತು ನಿಮಿಷದಲ್ಲಿ ಆಯಿತು.

ನಾನು ಹೇಳುವ ಸೂತ್ರ ಇಷ್ಟೇ: ಒಂಟಿ ಪದ ಎಡಕ್ಕೆ, ಸಂಸಾರ ಇರುವ ಪದ ಬಲಕ್ಕೆ. ಲಾರಿ ಬರೀ ನಿಂತಿದ್ದರೆ 'ಎ ಪಾರ್ಕ್ಡ್ ಲಾರಿ'. ಅಂಗಡಿಯ ಹತ್ತಿರ ನಿಂತಿದ್ದರೆ 'ಎ ಲಾರಿ ಪಾರ್ಕ್ಡ್ ನಿಯರ್ ದ ಶಾಪ್'. ಇದಕ್ಕೆ ತಪ್ಪುವ ಉದಾಹರಣೆಗಳು ಇವೆ ಅಂತ ನನಗೂ ಗೊತ್ತು. 'ಸಮ್‌ಥಿಂಗ್ ಹಾಟ್', 'ಎನಿಥಿಂಗ್ ಕೋಲ್ಡ್' ಇವುಗಳಲ್ಲಿ ಒಂಟಿ ಪದವೇ ಬಲಕ್ಕೆ ಹೋಗುತ್ತದೆ. ಹೋಟೆಲ್ ಕೆಲಸಕ್ಕೆ ಹೋಗುವವರಿಗೆ ಅದು ಮೊದಲ ವಾರವೇ ಬೇಕು.

ಕೆಂಪು ಕ್ಲಿಪ್ಪಿನಿಂದ ಇನ್ನೊಂದು ಲಾಭ. ಕ್ರಿಯಾಪದ ನೋಡುವುದು ಕೆಂಪು ಕ್ಲಿಪ್ಪನ್ನು ಮಾತ್ರ. 'ದ ಪ್ರೈಸ್ ಆಫ್ ಕೊಕೊನಟ್ಸ್ ಈಸ್ ಹೈ.' ಪಕ್ಕದಲ್ಲಿ ಎಷ್ಟು ತೆಂಗಿನಕಾಯಿ ನೇತಾಡಿದರೂ 'ಆರ್' ಬರುವುದಿಲ್ಲ. 'ಒನ್ ಆಫ್ ಮೈ ಫ್ರೆಂಡ್' ಅಂತ ಬರೆಯುವ ಚಟವೂ ಹಾಗೆಯೇ ಬಿಟ್ಟಿತು. ಸ್ನೇಹಿತರು ಅನೇಕರು, ಅವರಲ್ಲಿ ಒಬ್ಬ. ಕೆಂಪು ಕ್ಲಿಪ್ಪು 'ಒನ್'ಗೆ.

ಪಾಠ ಶುರುವಾಗುವಾಗ ಹಗ್ಗದ ಎಡ ತುದಿಯಲ್ಲಿ ಒಂದು ಕ್ಲಿಪ್ಪು ಖಾಲಿ ಇರುತ್ತದೆ. ಎಣಿಸಬಹುದಾದ ಒಂದೇ ವಸ್ತು ಆದರೆ ಆ ಕ್ಲಿಪ್ಪು ಖಾಲಿ ಬಿಡಬಾರದು. 'ಎ', 'ದ', 'ಮೈ', 'ದಿಸ್', ಯಾವುದಾದರೂ ಸರಿ. ಆದರೆ ಒಂದೇ. ನಾವು 'ಈ ನನ್ನ ತಮ್ಮ' ಅಂತ ಎರಡು ಹಾಕುತ್ತೇವೆ. ಇಂಗ್ಲಿಷ್ ಕ್ಲಿಪ್ಪು ಎರಡು ಕಾರ್ಡು ಹಿಡಿಯುವುದಿಲ್ಲ, ಒಂದು ಬಲಕ್ಕೆ ಹೋಗಬೇಕು: 'ದಿಸ್ ಬ್ರದರ್ ಆಫ್ ಮೈನ್'. ಎ, ದ ಇವುಗಳ ಪೂರ್ತಿ ಪಾಠಕ್ಕೆ ನಾನು ಬೇರೆ ಒಂದು ಆಟ ಮಾಡಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು ನೋಡಿ.

ನಡುವೆ ಒಂದು ಪ್ರಯೋಗ ಮಾಡಿದೆ. ಹೆಡ್‌ಲೈನ್ ಓದಿಸುವುದು. 'ಸ್ಕೂಲ್ ಬಸ್ ಆಕ್ಸಿಡೆಂಟ್ ಇನ್‌ಕ್ವೈರಿ ರಿಪೋರ್ಟ್'. ಐದು ನಾಮಪದ, ನಡುವೆ ಏನೂ ಇಲ್ಲ. ಮಕ್ಕಳು ತಲೆ ಕೆಡಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಒಬ್ಬ ಥಟ್ಟನೆ "ಶಾಲಾ ಬಸ್ ಅಪಘಾತ ತನಿಖಾ ವರದಿ" ಅಂದ. ಅದಾ! ಕ್ರಮ ನಮ್ಮದೇ. 'ಶೂ ಶಾಪ್' ಕೂಡ ಹಾಗೆ, ನಾವೂ ಚಪ್ಪಲಿ ಅಂಗಡಿ ಅನ್ನುತ್ತೇವೆ ಹೊರತು ಚಪ್ಪಲಿಗಳ ಅಂಗಡಿ ಅನ್ನುವುದಿಲ್ಲ. ಆದರೆ ಎರಡು ನಾಮಪದದ ನಡುವಿನ ಸಂಬಂಧ ಬಾಯಿಬಿಟ್ಟು ಹೇಳಿಸಬೇಕು. ಕೊಕೊನಟ್ ಆಯಿಲ್ ತೆಂಗಿನಿಂದ ಬಂದದ್ದು, ಹೇರ್ ಆಯಿಲ್ ಕೂದಲಿಗೆ ಹಾಕುವುದು, ಬೇಬಿ ಆಯಿಲ್ ಎಲ್ಲಿಂದ ಬಂತು ಅಂತ ಕೇಳಿದರೆ ಕ್ಲಾಸು ಪೂರ್ತಿ ನಗು.

ಮಲಯಾಳಂ ಮೀಡಿಯಂನ ನಾಲ್ಕೈದು ಮಕ್ಕಳೂ ಸೇರಿಕೊಂಡರು. ಅವರಿಗೂ ಹಿಂದೆ ನಡೆಯುವ ಉಪಾಯವೇ ಸಾಕಾಯಿತು. ಮಲಯಾಳಂನಲ್ಲಿ 'ಇನ್ನಲೆ ವನ್ನ ಕುಟ್ಟಿ' (ನಿನ್ನೆ ಬಂದ ಮಗು) ಅನ್ನಿ, ತುಳುವಿನಲ್ಲಿ 'ಕೋಡೆ ಬತ್ತಿನ ಆಣ್' (ನಿನ್ನೆ ಬಂದ ಹುಡುಗ) ಅನ್ನಿ, ಯಜಮಾನ ಕೊನೆಯಲ್ಲೇ ಇರುವುದು.

ಸಂಜೆಯ ಬ್ಯಾಚಿಗೆ ಹಗ್ಗ ಅರ್ಧ ಮಾತ್ರ ಬಳಸುತ್ತೇನೆ. ಅವರಿಗೆ 'ದ ಬ್ಲೂ ಒನ್', 'ದ ಒನ್ ನಿಯರ್ ದ ಡೋರ್' ಇದ್ದರೆ ಅರ್ಧ ಅಂಗಡಿ ನಡೆಯುತ್ತದೆ. ನೀಲಿಯದು, ಬಾಗಿಲ ಹತ್ತಿರದ್ದು ಅಂತ ನಾವು ಹೇಳುವುದೂ ಅದೇ ಅಲ್ವಾ? ಮೊದಲು 'ಮೈ ಬೈಕ್, ಇಟ್ಸ್ ಇನ್ ದ ಗ್ಯಾರೇಜ್' ಅಂದವನನ್ನು ನಾನು ತಿದ್ದುತ್ತಿದ್ದೆ. ಆ ಅಡುಗೆಯ ವೀಡಿಯೊದಲ್ಲಿ ಇಂಗ್ಲಿಷರೇ ಹಾಗೆ ಮಾತಾಡಿದ್ದು ಕೇಳಿ ಬಿಟ್ಟುಬಿಟ್ಟೆ. 'ಇಟ್ಸ್ ನೈಸ್, ದಿಸ್ ಸಾಸ್' ಅಂದಿದ್ದಳು ಒಬ್ಬಳು. 'ಎಲ್ಲಿ ಹೋದ ಅವ, ನಿಮ್ಮ ತಮ್ಮ?' ಅಂದ ಹಾಗೆ. ಬರೆಯುವಾಗ ಮಾತ್ರ ಬೆಳಗ್ಗಿನ ಮಕ್ಕಳಿಗೆ ಅದು ಬೇಡ.

ಹಗ್ಗ ಕಟ್ಟುವಾಗ ಎರಡೂ ಬ್ಯಾಚು ಸೇರಿ ಹನ್ನೊಂದು ಜನ ಇದ್ದರು, ತಿಂಗಳಿಗೆ 300ರ ಹಾಗೆ. ಕೋಣೆಯ ಬಾಡಿಗೆ ಕೊಟ್ಟು ಬಸ್ಸಿನ ದುಡ್ಡೂ ಉಳಿಯುತ್ತಿರಲಿಲ್ಲ. ಈಗ ಮೂವತ್ತೈದರ ಹತ್ತಿರ ಇದ್ದಾರೆ, ಫೀಸು 450. ಪ್ರೊಜೆಕ್ಟರಿನ ದುಡ್ಡು ಹೋದ ವರ್ಷವೇ ಹಿಂದೆ ಬಂತು.

ಹೋದ ತಿಂಗಳು ಆ ಹಿರಿಯ ಮಾಷ್ಟ್ರು ಫೋನ್ ಮಾಡಿದರು. ಆರೋಗ್ಯ, ಮಳೆ, ಅಡಿಕೆಗೆ ಕೊಳೆರೋಗ ಎಲ್ಲ ಮಾತಾಡಿದ ಮೇಲೆ ಮೆಲ್ಲ ಕೇಳಿದರು: "ಅಲ್ಲ ಮಾರಾಯ್ರೇ, ನಿಮ್ಮ ಕ್ಲಿಪ್ಪು ಪ್ಲಾಸ್ಟಿಕ್‌ದಾ, ಮರದ್ದಾ?"

ಮರದ್ದು ಅಂದೆ. ಪ್ಲಾಸ್ಟಿಕ್‌ದು ಆರು ತಿಂಗಳಲ್ಲಿ ಮುರಿಯುತ್ತದೆ.