ಕಡವೆಯ ಮೂಗಿಗೆ ಸಿಗದ ಹಾಗೆ

ಹೊಸನಗರ ಸೀಮೆಯಲ್ಲಿ ನಮ್ಮ ಗದ್ದೆಬಯಲಿನ ತಲೆಗೆ ಒಂದು ಕೆಸರು ಹೊಂಡ ಇದೆ. ಪಕ್ಕದಲ್ಲೇ ತೊರೆ, ಮೇಲೆ ಸೊಪ್ಪಿನಬೆಟ್ಟ, ಅದರಾಚೆ ಕಾನು. ನವೆಂಬರ್, ಡಿಸೆಂಬರ್ ಹೊತ್ತಿಗೆ ಬೆದೆಗೆ ಬಂದ ಗಂಡು ಕಡವೆ ಆ ಹೊಂಡದಲ್ಲಿ ಹೊರಳಿ, ಅಲ್ಲೇ ಉಚ್ಚೆ ಹೊಯ್ದು, ಮೈತುಂಬ ಕೆಸರು ಮೆತ್ತಿಕೊಂಡು ಹೋಗುತ್ತದೆ. ಬೆಳಿಗ್ಗೆ ಹೋದರೆ ಗೊರಸಿನ ಗುರುತು, ಮರಕ್ಕೆ ಒರೆಸಿದ ಹಸಿ ಕೆಸರು. ಕಡವೆ ಮಾತ್ರ ಇಲ್ಲ. ಅದರ ಒಂದು ಫೋಟೊಗಾಗಿ ನಾನು ಎರಡು ಚಳಿಗಾಲ ಮರಸು ಕೂತಿದ್ದೇನೆ.

ಕಣ್ಣಿಗೆ ಬೀಳಬಾರದು ಅನ್ನೋದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ಹಸಿರು ಅಂಗಿ, ಕರಿ ಮಫ್ಲರ್, ಮುಂದೆ ಸೊಪ್ಪಿನ ಮರೆ. ಹೊಂಡ ಪೂರ್ತಿ ಕಾಣಲಿ ಅಂತ ಬೆಟ್ಟದ ಇಳಿಜಾರಲ್ಲಿ, ನಮ್ಮದೇ ಗಡಿಯೊಳಗೆ, ಎತ್ತರದ ಜಾಗ ಹಿಡಿದಿದ್ದೆ. ಹೊತ್ತು ಮುಳುಗುವಾಗ ತೊರೆಯಾಚೆ ತರಗೆಲೆ ಸದ್ದಾಗುತ್ತಿತ್ತು. ಆಮೇಲೆ ಮೌನ. ಮುಂಗಾಲಿನಿಂದ ನೆಲ ಬಡಿದ ಸದ್ದು, ಹಿಂದೆಯೇ ಬಯಲೆಲ್ಲ ಮೊಳಗುವ ಹಾಗೆ ಕಡವೆಯ ಎಚ್ಚರಿಕೆಯ ಕೂಗು, ‘ಪೊಂಕ್!’ ಅಷ್ಟೇ, ಆ ಸಂಜೆ ಮುಗಿಯಿತು ಅಂತ ಅರ್ಥ.

ನಮ್ಮ ದೊಡ್ಡಪ್ಪ ಹಿಂದೆ ಕೋವಿ ಹಿಡಿದು ಕಾಡು ಸುತ್ತಿದವರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಬಿಟ್ಟರು, ಶಿಕಾರಿಯ ಬುದ್ಧಿ ಹೋಗಲಿಲ್ಲ. ಜಗಲಿಯಲ್ಲಿ ಕವಳ ಹಾಕುತ್ತ ನನ್ನ ಪುರಾಣ ಪೂರಾ ಕೇಳಿ ನಕ್ಕರು. “ಸಂಜೆ ಹೊತ್ತು ಬೆಟ್ಟದ ಮೇಲೆ ಕೂತ್ಕಂಡು ಕಡವೆ ಕಾಯ್ತೀಯನಾ? ನಿನ್ನ ವಾಸನೆ ಆಗ್ಲೇ ಹೊಂಡಕ್ಕೆ ಇಳಿದಿರ್ತದೆ ಮಾರಾಯ!”

ಅವರು ಹೇಳಿದ್ದನ್ನು ಆಮೇಲೆ ಓದಿಯೂ ನೋಡಿದೆ, ಸರಿಯಾಗಿಯೇ ಇತ್ತು. ಹಗಲು ಬಿಸಿಲಿಗೆ ಇಳಿಜಾರು ಕಾದರೆ ಅಲ್ಲಿನ ಗಾಳಿ ಮೇಲಕ್ಕೇರುತ್ತದೆ. ಬಿಸಿಲು ಸರಿದದ್ದೇ ನೆಲ ತಣಿದು, ತಣ್ಣನೆ ಗಾಳಿ ಭಾರವಾಗಿ ಬೆಟ್ಟದಿಂದ ಕೆಳಗೆ ಜಾರಿ, ತೊರೆಗುಂಟ ನೀರಿನ ಹಾಗೇ ಹರಿಯುತ್ತದೆ. ಎಲೆ ಅಲ್ಲಾಡದಿದ್ದರೂ ಹರಿಯುತ್ತದೆ, ನಾನು ಮೋಸ ಹೋದದ್ದೇ ಅಲ್ಲಿ. ಕಡವೆಯ ಮೂಗಿನ ತುದಿ ಸದಾ ಒದ್ದೆ. ಗಾಳಿಯಲ್ಲಿ ಬಂದ ವಾಸನೆಯ ಕಣ ಆ ಪಸೆಗೆ ಅಂಟುತ್ತದೆ. ನನ್ನ ಬೆವರು, ತಲೆಯ ಕೊಬ್ಬರಿ ಎಣ್ಣೆ, ಸೊಳ್ಳೆಗೆ ಹಚ್ಚಿದ ಮುಲಾಮು ಎಲ್ಲ ಸೇರಿ ಅದಕ್ಕೆ ನನ್ನ ಜಾತಕವೇ ಸಿಕ್ಕಿರಬೇಕು.

ಗಾಳಿ ನೋಡಲು ಮೊದಲು ಮುಖದ ಪೌಡರಿನ ಡಬ್ಬಿ ಒಯ್ದೆ. ವಾಸನೆ ತಪ್ಪಿಸಲು ಹೋಗಿ ಮಲ್ಲಿಗೆ ಘಮ ಎರಚಿದ ಹಾಗಾಯಿತು! ಕೊಲೊರಾಡೊದಲ್ಲಿರುವ ಅಕ್ಕನ ಮಗನಿಗೆ ಇದನ್ನು ಹೇಳಿದರೆ, ಅಲ್ಲಿ ಎಲ್ಕ್ ಬೇಟೆಯವರು ಇದಕ್ಕೇ ಅಂತ ವಾಸನೆಯಿಲ್ಲದ ಪುಡಿಯ ಪುಟ್ಟ ಬಾಟಲಿ ಇಟ್ಟುಕೊಂಡಿರುತ್ತಾರೆ ಅಂದ. ಎಲ್ಕ್ ಅಂದರೆ ನಮ್ಮ ಕಡವೆಯ ಬಳಗವೇ, ಗಾತ್ರದಲ್ಲಿ ಇನ್ನೂ ದೊಡ್ಡದು. ಏನೋ ಅಲ್ಲಾಡಿದ್ದು ಕಂಡರೆ ಒಮ್ಮೊಮ್ಮೆ ನಿಂತು ನೋಡುವುದೂ ಉಂಟಂತೆ. ಮನುಷ್ಯನ ವಾಸನೆ ಬಡಿದರೆ ನಿಲ್ಲುವ ಮಾತೇ ಇಲ್ಲ. ಬಾಟಲಿ ಕಳಿಸಲಾ ಅಂತ ಕೇಳಿದ. “ನಮ್ಮಲ್ಲಿ ಬೂದಿಗೇನು ಬರಗಾಲವನಾ?” ಅಂದರು ದೊಡ್ಡಪ್ಪ. ಬಚ್ಚಲೊಲೆಯ ಬೂದಿ ಜರಡಿ ಹಿಡಿದು, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡೆ. ತಟ್ಟಿದರೆ ಹೊಗೆಯಂಥ ಎಳೆ ಏಳುತ್ತದೆ, ಎತ್ತ ಜಾರಿತು ಅಂತ ನೋಡುವುದು.

ಮೂರನೇ ಚಳಿಗಾಲ ಜಾಗ ಬದಲಿಸಿದೆ. ಹೊಂಡದಿಂದ ನಲವತ್ತು ಹೆಜ್ಜೆ ಕೆಳಗೆ, ತೊರೆ ಹರಿದುಹೋಗುವ ದಿಕ್ಕಿಗೆ, ಕೊಯ್ಲಾದ ಗದ್ದೆಯ ಅಂಚಿನ ಮರೆಗೆ. ಹೊಂಡ ಅರ್ಧವೇ ಕಾಣುತ್ತಿತ್ತು. ಅಂಗಿಯನ್ನು ವಾರವಿಡೀ ಕೊಟ್ಟಿಗೆಯಲ್ಲಿ ನೇತುಹಾಕಿದ್ದೆ. ಅದರಿಂದ ಉಪಯೋಗವಾಯಿತು ಅಂತ ನನಗೇನೂ ಅನ್ನಿಸುವುದಿಲ್ಲ, ಮನೆಯಲ್ಲಿ ಬೈಗುಳ ಸಿಕ್ಕಿತು. ಗಾಳಿ ತಪ್ಪಿದರೆ ಯಾವ ಅಂಗಿಯೂ ಕಾಯುವುದಿಲ್ಲ.

ಐದನೇ ಸಂಜೆ ಬೂದಿ ನೆಟ್ಟಗೆ ನನ್ನ ಬೆನ್ನ ಹಿಂದಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಕಡವೆಗಿಂತ ಮೊದಲು ಅದರ ವಾಸನೆಯೇ ನನಗೆ ಬಂತು, ಹೋತದ ಹಾಗೆ ಗಬ್ಬು. ಆಮೇಲೆ ಕೊಂಬು, ಕುತ್ತಿಗೆಯ ಒರಟು ಕೂದಲು. ಹೊಂಡಕ್ಕಿಳಿದು ಒಂದು ಮಗ್ಗುಲು ಹೊರಳಿತು. ಕ್ಯಾಮೆರಾದ ‘ಕ್ಲಿಕ್’ ಕೇಳಿ ಕಿವಿ ನಿಮಿರಿಸಿತು, ಓಡಲಿಲ್ಲ. ಆರು ಫೋಟೊ ಆದವು. ಅಷ್ಟರಲ್ಲಿ ನನ್ನ ಕತ್ತಿನ ಹಿಂಭಾಗಕ್ಕೆ ತಣ್ಣಗೆ ತಾಗಿತು, ಗಾಳಿ ಒಂದು ಸುತ್ತು ತಿರುಗಿತ್ತು. ಕಡವೆ ಮೂತಿ ಎತ್ತಿತು. ನನ್ನ ಕಡೆ ತಿರುಗಿಯೂ ನೋಡದೆ, ಬಾಲ ನೆಟ್ಟಗೆ ನಿಲ್ಲಿಸಿ ಒಂದೇ ನೆಗೆತಕ್ಕೆ ಸೊಪ್ಪಿನಬೆಟ್ಟ ಸೇರಿತು.

ಫೋಟೊ ಮಸುಕಾಗಿದೆ, ಆದರೂ ಕೊಂಬಿನ ಕವಲು ಎಣಿಸಬಹುದು, ಒಂದೊಂದಕ್ಕೆ ಮೂರು. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿ, “ಬೆಳಗಿನ ಜಾವ ಕೂತ್ರೆ ಬೆಳಕು ಸಿಗ್ತಿತ್ತು. ಬಿಸಿಲು ಏರಿದ್ಮೇಲೆ ಮಾತ್ರ ಜಾಗ ಉಲ್ಟಾ, ಗೊತ್ತುಂಟಲ್ಲ?” ಅಂದರು. ಬಿಸಿಲು ಬಿದ್ದ ಮೇಲೆ ಗಾಳಿ ಹತ್ತುವುದರಿಂದ ಆಗ ಮೇಲೇ ಕೂರಬೇಕು. ಈ ಸಲಕ್ಕೆ ಹೊಂಡದ ಮೇಲಿನ ದಿಬ್ಬದಲ್ಲಿ ಒಂದು ಈಚಲು ಮಟ್ಟಿ ನೋಡಿಟ್ಟಿದ್ದೇನೆ.