ಹಳೆಯ ಔಟ್‌ಬೋರ್ಡ್ ಮೋಟಾರು: ಕೊಳ್ಳುವ ಮುಂಚೆ, ಕೊಂಡ ಮೇಲೆ

ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಮೋಟಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ನೋಡಲು ಹೋದವರು ಮೊದಲು ಕೇಳುವುದು ‘ಎಷ್ಟು ವರ್ಷ ಹಳೆಯದು?’ ಎಂದು. ನಾನಾದರೆ ಕೇಳುವುದು ಬೇರೆ. ಕೊನೆಯ ಸಲ ಓಡಿದ್ದು ಯಾವಾಗ? ಉಪ್ಪುನೀರಿನಲ್ಲೋ, ಸಿಹಿನೀರಿನಲ್ಲೋ? ಓಡಿ ಬಂದ ಮೇಲೆ ತೊಳೆಯುತ್ತಿದ್ದರೋ? ವಾರವಾರವೂ ದುಡಿದು, ಪ್ರತಿ ಸಲ ತೊಳೆಸಿಕೊಂಡ ಇಪ್ಪತ್ತು ವರ್ಷದ ಮೋಟಾರು ಎರಡೇ ಎಳೆತಕ್ಕೆ ಸ್ಟಾರ್ಟ್ ಆಗುವುದನ್ನು ನೋಡಿದ್ದೇನೆ. ಐದೇ ವರ್ಷದ್ದಾದರೂ ಹಳಸಿದ ಪೆಟ್ರೋಲ್ ತುಂಬಿಕೊಂಡು, ಒಳಗೆ ಉಪ್ಪು ಕಟ್ಟಿಕೊಂಡು ಮೂಲೆ ಹಿಡಿದಿದ್ದರೆ ಅದನ್ನು ಎಬ್ಬಿಸುವುದು ಕಷ್ಟ. ಈ ಮೋಟಾರುಗಳು ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಜಾಸ್ತಿ.

ತಣ್ಣಗಿರುವಾಗಲೇ ನೋಡಿ

ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿಬಿಡಿ. ಹೋದ ಕೂಡಲೇ ಕವರ್ ತೆಗೆಸಿ ಎಂಜಿನ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ, ತಣ್ಣಗೆ ಸ್ಟಾರ್ಟ್ ಆಗದ ಎಂಜಿನ್ನನ್ನು ಮೊದಲೇ ಕಾಯಿಸಿ ಇಟ್ಟಿರಬಹುದು.

ಕವರ್ ಒಳಗೆ ಬೋಲ್ಟುಗಳ ಸುತ್ತ, ಗ್ಯಾಸ್ಕೆಟ್ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯೇ ನೋಡಿ. ಅಲ್ಲಿ ಉಪ್ಪುನೀರು ಜಿನುಗಿ ಒಣಗಿದೆ ಎಂದರ್ಥ. ಸಿಲಿಂಡರ್ ತಲೆಯ ಬಣ್ಣ ಸುಟ್ಟು ಗುಳ್ಳೆ ಎದ್ದಿದ್ದರೆ ಎಂಜಿನ್ ಒಮ್ಮೆಯಾದರೂ ವಿಪರೀತ ಕಾದಿದೆ. ನ್ಯೂಟ್ರಲ್‌ನಲ್ಲಿಟ್ಟು ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ. ನಡುವಿನ ಶಾಫ್ಟ್ ಅತ್ತಿತ್ತ ಓಲಾಡಿದರೆ ಅದು ಎಲ್ಲೋ ಬಂಡೆಗೆ ಬಡಿದು ಬಾಗಿದೆ. ಗೇರ್ ಇರುವ ಕೆಳಭಾಗಕ್ಕೆ ಮಾತ್ರ ಹೊಸದಾಗಿ ಬಣ್ಣ ಬಳಿದಿದ್ದರೆ ಯಾಕೆ ಎಂದು ಕೇಳಿ.

ಎರಡು ವಿಷಯ ಮನೆಯಿಂದ ಹೊರಡುವ ಮುಂಚೆಯೇ ಗೊತ್ತಿರಲಿ. ಒಂದು, ನಿಮ್ಮ ದೋಣಿಯ ಹಿಂಭಾಗದ ಎತ್ತರ. ಮೋಟಾರಿನ ಶಾಫ್ಟ್, ಅಂದರೆ ಮೇಲಿನಿಂದ ಕೆಳಕ್ಕಿಳಿಯುವ ಭಾಗದ ಉದ್ದ, ಸಾಮಾನ್ಯವಾಗಿ 15, 20 ಅಥವಾ 25 ಇಂಚಿನ ಅಳತೆಯಲ್ಲಿ ಬರುತ್ತದೆ. ಅದು ಹೊಂದದಿದ್ದರೆ ಎಷ್ಟು ಒಳ್ಳೆಯ ಮೋಟಾರಾದರೂ ಸುಮ್ನೆ. ಇನ್ನೊಂದು, ಬಿಡಿಭಾಗ ಸಿಗುತ್ತದೆಯೇ ಎಂಬುದು. ಔಟ್‌ಬೋರ್ಡ್ ಮೋಟಾರುಗಳಲ್ಲಿ ಎವಿನ್‌ರೂಡ್ 1909ರಿಂದ ಇದ್ದ ಹೆಸರು. ಆದರೂ ಅದರ ತಯಾರಿಕೆ 2020ರಲ್ಲಿ ನಿಂತಿತು. ಅಂಥ ಮೋಟಾರು ಕೊಳ್ಳಬಾರದೆಂದಲ್ಲ. ಆ ಮಾಡೆಲ್‌ಗೆ ಏನೇನು ಸಿಗುತ್ತದೆ ಎಂದು ವಿಚಾರಿಸಿ ಕೊಳ್ಳಿ.

ಎರಡು ಪರೀಕ್ಷೆ, ತಪ್ಪಿಸಬೇಡಿ

ಮೊದಲನೆಯದು ಗೇರ್ ಆಯಿಲ್. ಮೋಟಾರು ರಾತ್ರಿಯಿಡೀ ನೆಟ್ಟಗೆ ನಿಂತಿದ್ದರೆ ಒಳ್ಳೆಯದು. ಗೇರ್ ಇರುವ ಭಾಗದ ಕೆಳಗಿನ ಸ್ಕ್ರೂವನ್ನು ಸ್ವಲ್ಪ ಸಡಿಲಿಸಿ. ಆಯಿಲ್‌ಗಿಂತ ಮೊದಲು ನೀರು ತೊಟ್ಟಿಕ್ಕಿದರೆ, ಅಥವಾ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ನೀರು ಒಳಬಾರದಂತೆ ತಡೆಯುವ ಸೀಲ್ ಹೋಗಿದೆ. ಹೆಚ್ಚಿನ ಸಲ ಇದಕ್ಕೆ ಕಾರಣ ಪ್ರೊಪೆಲ್ಲರ್ ಹಿಂದೆ ಶಾಫ್ಟಿಗೆ ಸುತ್ತಿಕೊಂಡ ಗಾಳದ ದಾರ. ಅದು ಸೀಲನ್ನು ಕೊಯ್ದು ಹಾಕುತ್ತದೆ. ಸ್ಕ್ರೂ ತುದಿಯ ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಪೇಸ್ಟ್ ಅಂಟಿದ್ದರೆ ಹೆದರಬೇಕಿಲ್ಲ. ಲೋಹದ ಚೂರುಗಳಿದ್ದರೆ ಗೇರಿನ ಹಲ್ಲು ಮುರಿಯುತ್ತಿದೆ.

ಎರಡನೆಯದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏರುವ ಒತ್ತಡ. ಸ್ಟಾರ್ಟ್ ಆಗುವ ಬಗೆಯನ್ನು ನೋಡಿಯಾದ ಮೇಲೆ ಎಂಜಿನ್ ಬೆಚ್ಚಗಾಗಲಿ. ಆಮೇಲೆ ನಿಲ್ಲಿಸಿ, ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ. ಕಿಡಿ ಹಾರದಂತೆ ಇಗ್ನಿಷನ್ ಬಂದ್ ಮಾಡಿ, ಥ್ರಾಟಲ್ ಪೂರ್ತಿ ತೆರೆಯಿರಿ. ಒಂದೊಂದೇ ಸಿಲಿಂಡರಿಗೆ ಒತ್ತಡ ಅಳೆಯುವ ಗೇಜ್ ಹಾಕಿ, ಮುಳ್ಳು ಏರುವುದು ನಿಲ್ಲುವ ತನಕ ಎಂಜಿನ್ ತಿರುಗಿಸಿ. ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಗೇಜಿನಿಂದ ಗೇಜಿಗೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಹಾಗಾಗಿ ಸಂಖ್ಯೆ ಎಷ್ಟು ದೊಡ್ಡದು ಎಂಬುದಕ್ಕಿಂತ ಎಲ್ಲವೂ ಹತ್ತಿರ ಹತ್ತಿರ ಇವೆಯೇ ಎಂಬುದನ್ನು ನೋಡಿ. 120, 118, 119 ಪಿಎಸ್‌ಐ ಬಂದರೆ ಸಂತೋಷ. 120, 118, 90 ಬಂದರೆ ಕೈಮುಗಿದು ಬಂದುಬಿಡಿ. ನೂರಕ್ಕೆ ಹತ್ತರಷ್ಟು ವ್ಯತ್ಯಾಸದವರೆಗೆ ಸರಿ ಎಂಬುದು ಮೆಕ್ಯಾನಿಕ್‌ಗಳು ಹಿಡಿಯುವ ಲೆಕ್ಕ.

ನೀರು ಹರಿಯುವ ದಾರಿ

ಮೋಟಾರು ಮನೆಗೆ ಬಂದ ಮೇಲೆ ನೀವು ಮಾಡಬೇಕಾದ ಮೊದಲ ಕೆಲಸ ವಾಟರ್ ಪಂಪಿನದು. ಈ ಎಂಜಿನ್ ತಣ್ಣಗಿರುವುದು ಕೆಳಗಿನ ನೀರನ್ನು ಮೇಲಕ್ಕೆಳೆಯುವ ಒಂದು ಪುಟ್ಟ ರಬ್ಬರ್ ಚಕ್ರದಿಂದ. ಅದೇ ಇಂಪೆಲ್ಲರ್. ಹಿಂದಿನವರು ಹೊಸದು ಹಾಕಿಸಿದ್ದೇವೆ ಎಂದರೂ ನಂಬಿಕೊಂಡು ಕೂರಬೇಡಿ, ಬಿಚ್ಚಿ ನೋಡಿ. ನಾನು ಕೊಂಡ ಮೊದಲ ಮೋಟಾರಿನ ಪಂಪ್ ಬಿಚ್ಚಿದಾಗ ಇಂಪೆಲ್ಲರಿನ ಎರಡು ರೆಕ್ಕೆ ಇರಲೇ ಇಲ್ಲ. ಹೊಸದು ಹಾಕಿದೆ, ನೀರು ಚೆನ್ನಾಗಿ ಚಿಮ್ಮಿತು. ಅರ್ಧ ಗಂಟೆಯಲ್ಲಿ ಎಂಜಿನ್ ಮತ್ತೆ ಕಾದು ಅಲಾರಂ ಹೊಡೆದುಕೊಂಡಿತು. ಮುರಿದ ಆ ಎರಡು ರಬ್ಬರ್ ತುಂಡು ಮೇಲಕ್ಕೆ ಹೋಗಿ, ಎಂಜಿನ್ ಬಿಸಿಯಾದಾಗ ತೆರೆದು ನೀರು ಬಿಡುವ ಥರ್ಮೋಸ್ಟಾಟ್ ಹತ್ತಿರ ಸಿಕ್ಕಿಕೊಂಡಿದ್ದವು. ಅವತ್ತಿನಿಂದ ನನಗೊಂದು ನಿಯಮ: ರೆಕ್ಕೆ ಕಾಣೆಯಾಗಿದ್ದರೆ ಅದು ಸಿಗುವ ತನಕ ಹುಡುಕಬೇಕು. ಹೇಗೂ ಕೈ ಹಾಕಿದ್ದೀರಿ ಅಲ್ವಾ, ಥರ್ಮೋಸ್ಟಾಟನ್ನೂ ಬಿಚ್ಚಿ ಉಪ್ಪು ತೆಗೆಯಿರಿ.

ಆಮೇಲೆ ಕಂಪನಿ ಪುಸ್ತಕದಲ್ಲಿ ಹೇಳಿದಷ್ಟು ಸಮಯಕ್ಕೆ ಇಂಪೆಲ್ಲರ್ ಬದಲಿಸುತ್ತಿರಿ. ಉಪ್ಪುನೀರಿನಲ್ಲಿ, ಮರಳು ಕೆದಕುವ ಜಾಗದಲ್ಲಿ ಓಡಿಸುವವರು ವರ್ಷಕ್ಕೊಮ್ಮೆ ಬದಲಿಸಿದರೂ ನಷ್ಟವಿಲ್ಲ. ನೀರಿಲ್ಲದೆ ಎಂಜಿನ್ನನ್ನು ಒಂದು ಕ್ಷಣವೂ ಓಡಿಸಬೇಡಿ. ಒಣ ರಬ್ಬರ್ ಕೆಲವೇ ಸೆಕೆಂಡಿನಲ್ಲಿ ಸುಡತೊಡಗುತ್ತದೆ.

ಓಡುವಾಗ ಹಿಂದಿನಿಂದ ಚಿಮ್ಮುವ ನೀರಿನ ಎಳೆಯ ಮೇಲೆ ಸದಾ ಕಣ್ಣಿರಲಿ. ಎಳೆ ಸಣ್ಣಗಾದರೆ ಎಂಜಿನ್ ನಿಲ್ಲಿಸಿ, ಮೊದಲು ಆ ತೂತಿಗೆ ತೆಳುವಾದ ತಂತಿ ಹಾಕಿ ನೋಡಿ. ಎಷ್ಟೋ ಸಲ ಉಪ್ಪೋ ಕಸವೋ ಕಟ್ಟಿರುತ್ತದೆ, ಅಷ್ಟೇ.

ಉಪ್ಪುನೀರಿನಿಂದ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ, ನಾಳೆಗೆ ಬಿಡಬೇಡಿ. ನೀರು ಎಳೆಯುವ ಕಿಂಡಿಗಳಿಗೆ ರಬ್ಬರ್ ಮಫ್, ಅಂದರೆ ನಲ್ಲಿಯ ಪೈಪ್ ಸಿಕ್ಕಿಸುವ ರಬ್ಬರ್ ಬಟ್ಟಲು ಹಾಕಿ, ಮೊದಲು ನಲ್ಲಿ ತಿರುಗಿಸಿ, ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ. ನ್ಯೂಟ್ರಲ್‌ನಲ್ಲಿ ಸಣ್ಣಗೆ ಹತ್ತು ಹದಿನೈದು ನಿಮಿಷ ಓಡಲಿ. ಎಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದರೆ ತಾನೇ ಒಳಗಿನ ಉಪ್ಪು ಕರಗುವುದು? ಪ್ರೊಪೆಲ್ಲರ್ ತೆಗೆದಿಟ್ಟರೆ ಕೈಕಾಲಿಗೂ ಕ್ಷೇಮ. ಕೆಲವು ಮೋಟಾರುಗಳಿಗೆ ಪೈಪ್ ಸಿಕ್ಕಿಸುವ ಬೇರೆ ಜಾಗವಿರುತ್ತದೆ. ಅದರಲ್ಲಿ ತೊಳೆಯುವಾಗ ಹೆಚ್ಚಿನ ಮಾಡೆಲ್‌ಗಳಲ್ಲಿ ಎಂಜಿನ್ ಆಫ್ ಇರಬೇಕು.

ಪೆಟ್ರೋಲ್, ಆಯಿಲ್, ಆನೋಡ್

ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ನಿಂತಲ್ಲೇ ನಿಂತರೆ ಕಾರ್ಬೊರೇಟರಿನ ಸಣ್ಣ ತೂತುಗಳಲ್ಲಿ ಅಂಟು ಕಟ್ಟುತ್ತದೆ. ಸಣ್ಣ ಕಾರ್ಬೊರೇಟರ್ ಮೋಟಾರಾದರೆ, ತೊಳೆಯುವ ಕೊನೆಗೆ ಪೆಟ್ರೋಲ್ ಪೈಪ್ ಕಳಚಿ, ಒಳಗಿದ್ದದ್ದು ಮುಗಿದು ತಾನಾಗಿ ನಿಲ್ಲಲು ಬಿಡಿ. ಬಿರುಕು ಬಿಟ್ಟ ಪೈಪು, ಪೈಪಿನ ನಡುವೆ ಪೆಟ್ರೋಲ್ ಒತ್ತಲು ಕೈಯಲ್ಲಿ ಹಿಸುಕುವ ಪಂಪ್ ಬಲ್ಬು ಗಟ್ಟಿಯಾದದ್ದು ಕಂಡರೆ ಯೋಚಿಸದೆ ಬದಲಿಸಿ.

ಟೂ ಸ್ಟ್ರೋಕ್‌ಗೆ ನೀರಿನಿಂದ ತಣ್ಣಗಾಗುವ ದೋಣಿ ಮೋಟಾರುಗಳಿಗೆಂದೇ ಇರುವ ಟಿಸಿ-ಡಬ್ಲ್ಯೂ3 ಗುರುತಿನ ಆಯಿಲ್ಲೇ ಬೇಕು. ಬೈಕಿಗೆ ಹಾಕುವುದು ಇಲ್ಲಿಗೆ ಆಗದು. ಪೆಟ್ರೋಲಿಗೇ ಆಯಿಲ್ ಬೆರೆಸುವ ಹಲವು ಮೋಟಾರುಗಳಿಗೆ 50:1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ. ತೀರ ಹಳೆಯವಕ್ಕೆ 25:1 ಬೇಕಾಗಬಹುದು. ಫೋರ್ ಸ್ಟ್ರೋಕ್ ಆದರೆ ಆಯಿಲ್ ಕಡ್ಡಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು ಮಟ್ಟ ಏರಿದ್ದರೆ ಪೆಟ್ರೋಲ್ ಒಳಗಿಳಿದು ಆಯಿಲ್ ತೆಳುವಾಗಿದೆ. ಎಂಜಿನ್ ಆಯಿಲ್ಲೂ ಗೇರ್ ಆಯಿಲ್ಲೂ ಸಾಮಾನ್ಯವಾಗಿ 100 ಗಂಟೆಗೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಆಗ ಬದಲಿಸಬೇಕು. ಗೇರ್ ಆಯಿಲ್ ತುಂಬುವುದು ಕೆಳಗಿನ ತೂತಿನಿಂದ. ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಹೊರಬರುವ ತನಕ ತುಂಬಿ. ಸ್ಕ್ರೂಗಳಿಗೆ ಪ್ರತಿ ಸಲ ಹೊಸ ವಾಷರ್ ಹಾಕಿ.

ಮೋಟಾರಿಗೆ ಅಲ್ಲಲ್ಲಿ ಜೋಡಿಸಿದ ಬೂದು ಲೋಹದ ತುಂಡುಗಳೇ ಆನೋಡ್. ಮೋಟಾರಿನ ಮೈ ತಿನ್ನುವ ಬದಲು ತುಕ್ಕು ಅವನ್ನು ತಿನ್ನುತ್ತದೆ. ಅರ್ಧ ಕರಗಿದ್ದರೆ ಬದಲಿಸಿ. ಅವಕ್ಕೆ ಬಣ್ಣ ಮಾತ್ರ ಬಳಿಯಬೇಡಿ, ಬಳಿದರೆ ಅವು ಕೆಲಸ ಮಾಡುವುದಿಲ್ಲ.

ತಿಂಗಳುಗಟ್ಟಲೆ ಇಡುವಾಗ ಮೋಟಾರು ನೆಟ್ಟಗೆ ನಿಂತಿರಲಿ, ಒಳಗಿನ ನೀರೆಲ್ಲ ಇಳಿದು ಹೋಗುತ್ತದೆ. ಪ್ರೊಪೆಲ್ಲರ್ ಕಳಚಿ ಶಾಫ್ಟಿಗೆ ಗ್ರೀಸ್ ಹಚ್ಚಿ, ಗಾಳದ ದಾರ ಸುತ್ತಿದೆಯೇ ನೋಡಿ. ಕಂಪ್ರೆಷನ್ ಸಂಖ್ಯೆ, ಇಂಪೆಲ್ಲರ್ ಹಾಕಿದ ತಾರೀಕು, ಆಯಿಲ್ ಬದಲಿಸಿದ ದಿನ ಇವನ್ನು ಚೀಟಿಯಲ್ಲಿ ಬರೆದು ಕವರಿನ ಒಳಬದಿಗೆ ಅಂಟಿಸಿಡಿ. ಮುಂದಿನ ವರ್ಷ ಗೇಜ್ ಹಾಕಿದಾಗ ಹೋಲಿಸಿ ನೋಡಲು ಅದು ಬೇಕಾಗುತ್ತದೆ.