ಕಡೇ ಸಲ ಮುಟ್ಟಾಗಿದ್ದು ಯಾವಾಗ? ಹೆಂಗಸರು ಮೆಲ್ಲಗೆ ಕೇಳುವ ಪ್ರಶ್ನೆಗಳಿಗೆ ನೇರ ಉತ್ತರ

ಯಾವ ಲೇಡಿ ಡಾಕ್ಟರ್ ಹತ್ತಿರ ಹೋದರೂ ಮೊದಲು ಕೇಳುವುದು ಇದನ್ನೇ. ನಮ್ಮ ಉತ್ತರವೂ ಹೆಚ್ಚುಕಮ್ಮಿ ಒಂದೇ ಥರ. 'ಹಬ್ಬದ ಹಿಂದಿನ ವಾರ ಇರಬೇಕು ಮೇಡಂ' ಅಂದು ಪಕ್ಕದಲ್ಲಿ ಕೂತ ಅಮ್ಮನ ಮುಖ ನೋಡುತ್ತೇವೆ. ಡಾಕ್ಟರು ಚೀಟಿಯಲ್ಲಿ ಎಲ್‌ಎಂಪಿ (ಕಡೇ ಮುಟ್ಟಿನ ತಾರೀಖು) ಅಂತ ಬರೆದು, ಮುಂದೆ ಒಂದು ಗೆರೆ ಎಳೆದು, ಬೇರೆ ಮಾತಿಗೆ ಹೋಗುತ್ತಾರೆ. ಆದರೆ ಬಂದ ತೊಂದರೆಗೆ ಅರ್ಧ ಉತ್ತರ ಆ ತಾರೀಖಿನಲ್ಲೇ ಇರುತ್ತದೆ.

ಹಾಗಾಗಿ ಮೊದಲ ಕೆಲಸ ಬರೆದಿಡುವುದು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುವ ಗೋಡೆ ಕ್ಯಾಲೆಂಡರ್‌ನಲ್ಲೇ ಒಂದು ಚುಕ್ಕಿ ಇಟ್ಟರೂ ಸಾಕು. ಎಲ್ಲರ ಕಣ್ಣಿಗೆ ಬೀಳುವುದು ಬೇಡ ಅಂದರೆ ಫೋನಿನಲ್ಲಿ ಬರೆಯಿರಿ. ಶುರುವಾದ ದಿನ, ನಿಂತ ದಿನ, ಜಾಸ್ತಿ ಹೋದ ದಿನ ಎಷ್ಟು ಪ್ಯಾಡ್ ಬದಲಾಯಿಸಿದಿರಿ, ನೋವಿಗೆ ಮಾತ್ರೆ ಬೇಕಾಯಿತಾ. ಇಷ್ಟೇ.

ಲೆಕ್ಕ ಹಾಕುವಾಗ ಬಹಳ ಜನ ಎಡವುತ್ತಾರೆ. ರಕ್ತ ನಿಂತ ದಿನದಿಂದ ಎಣಿಸಿ 'ನನಗೆ 20 ದಿನಕ್ಕೇ ಆಗಿಬಿಡುತ್ತೆ' ಅಂತ ಗಾಬರಿಯಾಗುತ್ತಾರೆ. ಎಣಿಸಬೇಕಾದ್ದು ಶುರುವಾದ ದಿನದಿಂದ ಮುಂದಿನ ಸಲ ಶುರುವಾಗುವ ದಿನದವರೆಗೆ. ಜೂನ್ 3ಕ್ಕೆ ಆಗಿ, 8ಕ್ಕೆ ನಿಂತು, ಮತ್ತೆ 28ಕ್ಕೆ ಆದರೆ ಅದು 25 ದಿನ, ಏನೂ ತೊಂದರೆ ಇಲ್ಲ. 21ರಿಂದ 35 ದಿನದೊಳಗೆ ಎಷ್ಟಾದರೂ ಸರಿ. ದೊಡ್ಡವಳಾದ ಮೊದಲ ಎರಡು ಮೂರು ವರ್ಷ ಹುಡುಗಿಯರಲ್ಲಿ 45 ದಿನದವರೆಗೂ ಹೋಗಬಹುದು. ರಕ್ತ ಹೋಗುವುದು 2ರಿಂದ 7 ದಿನ. ತಿಂಗಳಿಗೆ ಸರಿಯಾಗಿ ಅದೇ ತಾರೀಖಿಗೆ ಆಗಬೇಕು ಅನ್ನುವ ನಿಯಮ ಎಲ್ಲೂ ಇಲ್ಲ.

ಇನ್ನೊಂದು. ಅಂಡ ಬಿಡುಗಡೆ ಆಗುವುದು ಎಲ್ಲರಿಗೂ 14ನೇ ದಿನ ಅಲ್ಲ, ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 35 ದಿನದ ಚಕ್ರದವರಿಗೆ ಅದು 21ನೇ ದಿನದ ಹತ್ತಿರ. ವೀರ್ಯಾಣು ಒಳಗೆ 5 ದಿನದವರೆಗೂ ಬದುಕಿರಬಲ್ಲದು. ಆದ್ದರಿಂದ 'ಸೇಫ್ ಪೀರಿಯಡ್' ನಂಬಿಕೊಂಡು ಸಂಸಾರ ಮಾಡುವುದು ಜೂಜು, ಆ್ಯಪ್ ಹೇಳುವ ದಿನವೂ ಊಹೆಯೇ.

ಡೇಟ್ ಮುಂದೆ ಹೋಗಿದೆ

ಸಂಪರ್ಕ ಆಗಿದ್ದರೆ ಮೊದಲು ಪ್ರೆಗ್ನೆನ್ಸಿ ಟೆಸ್ಟ್. 'ಒಂದೇ ಸಲ', 'ಹೊರಗೇ ಬಿಟ್ಟಿದ್ದು' ಅನ್ನುವ ಸಮಾಧಾನ ಬೇಡ. ಬೆಳಗಿನ ಮೊದಲ ಮೂತ್ರದಲ್ಲಿ ಮಾಡಿ. ಕಿಟ್ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, ಆಶಾ ಕಾರ್ಯಕರ್ತೆಯರ ಹತ್ತಿರ 'ನಿಶ್ಚಯ್' ಅನ್ನುವ ಸರ್ಕಾರಿ ಕಿಟ್ ಇರುತ್ತದೆ. ಒಂದೇ ಗೆರೆ ಬಂದು, ಆಮೇಲೂ ಮುಟ್ಟಾಗದಿದ್ದರೆ ಒಂದು ವಾರ ಬಿಟ್ಟು ಮತ್ತೆ ಮಾಡಿ. ಡೇಟ್ ದಾಟಿದ ಮೇಲೆ ಕೆಳಹೊಟ್ಟೆಯ ಒಂದೇ ಕಡೆ ತಡೆಯಲಾಗದ ನೋವು, ತಲೆಸುತ್ತು ಬಂದರೆ ಕಾಯಬೇಡಿ, ಬಸಿರು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿರಬಹುದು, ಅದು ಜೀವಕ್ಕೆ ಅಪಾಯ.

ಎರಡು ಗೆರೆ ಬಂದು ಬಸಿರು ಬೇಡ ಅಂದರೆ ಗುಟ್ಟಾಗಿ ಮಾತ್ರೆ ತಂದು ನುಂಗುವುದು ಬೇಡ. ಗರ್ಭ ತೆಗೆಸಲು 18 ತುಂಬಿದ ಹೆಂಗಸಿನ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಕಾನೂನು ಕೇಳುವುದಿಲ್ಲ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಮದುವೆ ಆಗದವರನ್ನು ಬೇರೆಯಾಗಿ ನೋಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆಸ್ಪತ್ರೆಯಲ್ಲಿ ಯಾರಾದರೂ 'ಮನೆಯವರನ್ನು ಕರ್ಕೊಂಡು ಬನ್ನಿ' ಅಂದರೆ ಇದನ್ನೇ ಹೇಳಿ.

ಬಸಿರಲ್ಲ ಅಂತಾದರೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್), ತೂಕದ ಏರುಪೇರು, ಪರೀಕ್ಷೆಯ ಟೆನ್ಷನ್, ಯಾವುದೂ ಇರಬಹುದು. ಒಂದು ಸಲ ಹತ್ತು ದಿನ ತಡವಾದರೆ ಚಿಂತೆ ಬೇಡ. 3 ತಿಂಗಳು ಆಗಲೇ ಇಲ್ಲ ಅಂದರೆ ಹೋಗಲೇಬೇಕು.

ಸ್ಕ್ಯಾನಿನಲ್ಲಿ ನೀರುಗುಳ್ಳೆ ಅಂತ ಬಂದಿದೆ

ರಿಪೋರ್ಟ್ ಕೈಗೆ ಬಂದ ಸಂಜೆಯೇ ಮನೆಯಲ್ಲಿ ಅಳು ಶುರು. ಸ್ವಲ್ಪ ತಡೆಯಿರಿ. ಈ ಗುಳ್ಳೆಗಳು ಗರ್ಭಕೋಶದಲ್ಲಿ ಇರುವುದಿಲ್ಲ, ಅಂಡಾಶಯದಲ್ಲಿ ಇರುತ್ತವೆ. ಅವು ಪೂರ್ತಿ ಬೆಳೆಯದೆ ನಿಂತ ಅಂಡದ ಚೀಲಗಳು. ಗಡ್ಡೆ ಅಲ್ಲ, ಆಪರೇಷನ್ ಮಾಡಿ ತೆಗೆಯುವಂಥದ್ದೂ ಅಲ್ಲ.

ಪಿಸಿಓಎಸ್ (ಈ ಗುಳ್ಳೆಯ ಜೊತೆ ಹಾರ್ಮೋನ್ ಏರುಪೇರಿನ ತೊಂದರೆಗೆ ಡಾಕ್ಟರು ಇಡುವ ಹೆಸರು, ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಅನ್ನಬೇಕಾದರೆ ಮೂರರಲ್ಲಿ ಎರಡಾದರೂ ಇರಬೇಕು: ಮುಟ್ಟು ಸರಿಯಾಗಿ ಆಗದಿರುವುದು, ಗಂಡು ಹಾರ್ಮೋನ್ ಜಾಸ್ತಿ ಆಗಿರುವ ಗುರುತು (ಗದ್ದದ ಮೇಲೆ ಒರಟು ಕೂದಲು, ಹೋಗದ ಮೊಡವೆ, ಅಥವಾ ರಕ್ತಪರೀಕ್ಷೆಯಲ್ಲಿ ಕಾಣುವುದು), ಮತ್ತು ಸ್ಕ್ಯಾನಿನ ಗುಳ್ಳೆ. ಅದೂ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಸರಿ ಇದೆ ಅಂತ ನೋಡಿದ ಮೇಲೆ. ಕ್ಯಾಲೆಂಡರಿನ ಪ್ರಕಾರ ಮುಟ್ಟು ಸರಿಯಾಗಿದ್ದು, ಮುಖದಲ್ಲೂ ಏನಿಲ್ಲ, ಬರೀ ಸ್ಕ್ಯಾನಿನಲ್ಲಿ ಗುಳ್ಳೆ ಅಂದರೆ ಅದು ಪಿಸಿಓಎಸ್ ಅಲ್ಲ. ದೊಡ್ಡವಳಾಗಿ 8 ವರ್ಷ ಆಗದ ಹುಡುಗಿಯರಲ್ಲಂತೂ ಸ್ಕ್ಯಾನ್ ನೋಡಿ ತೀರ್ಮಾನ ಮಾಡಲೇಬಾರದು, ಆ ವಯಸ್ಸಿನಲ್ಲಿ ಗುಳ್ಳೆ ಕಾಣುವುದು ಸಹಜ.

ನಿಜವಾಗಿ ಇದ್ದರೆ ಬಿಡುವಂತಿಲ್ಲ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಕ್ಯಾನ್ಸರಿನ ಅಪಾಯ ಏರುತ್ತದೆ. ಶುಗರ್ ಕೂಡ ನೋಡಿಸಬೇಕು. ತೂಕ ಜಾಸ್ತಿ ಇದ್ದವರು ನೂರಕ್ಕೆ 5ರಿಂದ 10ರಷ್ಟು ಇಳಿಸಿದರೂ ಎಷ್ಟೋ ಜನರಿಗೆ ಮುಟ್ಟು ದಾರಿಗೆ ಬರುತ್ತದೆ, 70 ಕೆಜಿ ಇದ್ದವರಿಗೆ ಅಂದರೆ ಮೂರೂವರೆಯಿಂದ 7 ಕೆಜಿ. ಸಣ್ಣಗಿರುವವರಿಗೂ ಪಿಸಿಓಎಸ್ ಬರುತ್ತದೆ, ಅವರಿಗೆ 'ತೂಕ ಇಳಿಸಿ' ಅಂದರೆ ಅರ್ಥವಿಲ್ಲ. 'ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ' ಅನ್ನುವುದು ಔಷಧಿಯಲ್ಲ. ಮಕ್ಕಳಾಗುವುದೇ ಇಲ್ಲ ಅನ್ನುವುದೂ ಸುಳ್ಳು. ಅಂಡ ಬಿಡುಗಡೆಗೆ ಮಾತ್ರೆ ತೆಗೆದುಕೊಂಡು ಬಸಿರಾದವರು ಬೇಕಾದಷ್ಟು ಜನ ಇದ್ದಾರೆ.

ಹಬ್ಬಕ್ಕೆ ಮುಂದಕ್ಕೆ ಹಾಕುವ ಮಾತ್ರೆ

ಶ್ರಾವಣ ಬಂತು ಅಂದರೆ ಮೆಡಿಕಲ್ ಶಾಪಿನಲ್ಲಿ ಈ ಮಾತ್ರೆಗೆ ಬೇಡಿಕೆ. ವರಮಹಾಲಕ್ಷ್ಮಿ, ಗೌರಿ, ಮಧ್ಯೆ ಒಂದು ಗೃಹಪ್ರವೇಶ. 'ಎಷ್ಟು ದಿನಕ್ಕಮ್ಮ?' ಅಂತ ಕೇಳಿ, ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ, ಕಾಗದದ ಕವರಿಗೆ ಹಾಕಿ ಕೊಡುತ್ತಾರೆ. ಹೆಸರು, ಎಕ್ಸ್‌ಪೈರಿ ಬರೆದಿದ್ದ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಹೇಗೆ ತಗೋಬೇಕು ಅಂತ ಯಾರೂ ಹೇಳುವುದಿಲ್ಲ.

ಅದು ನಾರೆಥಿಸ್ಟೆರೋನ್. ಸಾಮಾನ್ಯವಾಗಿ 5 ಎಂಜಿ ಮಾತ್ರೆ ದಿನಕ್ಕೆ 3 ಸಲ, ಆಗಬೇಕಾದ ದಿನಕ್ಕಿಂತ 3 ದಿನ ಮೊದಲೇ ಶುರು ಮಾಡಬೇಕು. ನಿಲ್ಲಿಸಿದ 2-3 ದಿನಕ್ಕೆ ಮುಟ್ಟಾಗುತ್ತದೆ. ಹಿಂದಿನ ದಿನ ರಾತ್ರಿ ನೆನಪಾಗಿ ನುಂಗಿದರೆ ಕೆಲಸ ಮಾಡುವುದು ಅನುಮಾನ. ಇಲ್ಲೂ ಬೇಕಾಗುವುದು ಬರೆದಿಟ್ಟ ತಾರೀಖೇ. ಇದನ್ನು ಈ ಪ್ರಮಾಣದಲ್ಲಿ ತೆಗೆದುಕೊಂಡರೆ ಬಸಿರು ತಡೆಯುತ್ತದೆ ಅಂತ ಅಂದುಕೊಳ್ಳಬೇಡಿ. ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು, ಪಾರ್ಶ್ವವಾಯು ಆದವರು, ಲಿವರ್ ಕಾಯಿಲೆ ಅಥವಾ ಸ್ತನ ಕ್ಯಾನ್ಸರ್ ಇದ್ದವರು ಮುಟ್ಟಲೇಬಾರದು. ಅರೆತಲೆನೋವು ಇದ್ದರೆ ಡಾಕ್ಟರಿಗೆ ಹೇಳಿಯೇ ತಗೊಳ್ಳಿ. ಮಾತ್ರೆ ನಡೆಯುವಾಗ ಒಂದು ಮೀನಖಂಡ ಊದಿ ನೋವಾದರೆ, ಎದೆನೋವು, ಉಸಿರಾಟದ ತೊಂದರೆ ಬಂದರೆ ಸೀದಾ ಆಸ್ಪತ್ರೆಗೆ.

ಮುಂದಕ್ಕೆ ಹಾಕಬೇಕೋ ಬೇಡವೋ ನಿಮ್ಮ ಇಷ್ಟ. ನಿಮಗೇ ಮನಸ್ಸಿಲ್ಲದೆ, ಅತ್ತೆ ಹೇಳಿದರು ಅಂತ ಮಾತ್ರ ಪ್ರತಿ ಹಬ್ಬಕ್ಕೂ ನುಂಗುತ್ತಿದ್ದರೆ, ಪೂಜೆ ಅವರೇ ಮಾಡಲಿ ಬಿಡಿ.

ಐ-ಪಿಲ್ ಎಷ್ಟು ಸಲ ತಗೋಬಹುದು?

ಅದು ಬಸಿರು ತಡೆಯಲು ತುರ್ತಿಗೆ ಇರುವ ಮಾತ್ರೆ. ಲೆವೊನಾರ್ಜೆಸ್ಟ್ರೆಲ್ 1.5 ಎಂಜಿ, ಒಂದೇ ಮಾತ್ರೆ, ಸಂಪರ್ಕ ಆದ 72 ಗಂಟೆಯೊಳಗೆ, ಆದಷ್ಟು ಬೇಗ. ನುಂಗಿ 2 ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಬೇಕು. ಅಂಡ ಬಿಡುಗಡೆಯನ್ನು ತಡ ಮಾಡುವುದು ಅದರ ಕೆಲಸ, ಆಗಲೇ ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ. ನಾಳೆ ಮತ್ತೆ ಸೇರಿದರೆ ಅದಕ್ಕೆ ರಕ್ಷಣೆಯೂ ಇಲ್ಲ. ಮುಂದಿನ ಮುಟ್ಟು ಹಿಂದೆ ಮುಂದೆ ಆಗುತ್ತದೆ. ಒಂದು ವಾರಕ್ಕಿಂತ ತಡವಾದರೆ ಟೆಸ್ಟ್ ಮಾಡಿ.

ಹೆಚ್ಚು ಸಲ ತಗೊಂಡರೆ ಬಂಜೆತನ ಬರುತ್ತೆ ಅನ್ನುವುದು ನಿಜವಲ್ಲ. ಆದರೆ ತಿಂಗಳು ತಿಂಗಳು ಬೇಕಾಗುತ್ತಿದೆ ಅಂದರೆ ಬೇರೆ ದಾರಿ ಹಿಡಿಯಿರಿ. ಕಾಂಡೋಮ್, ದಿನದ ಮಾತ್ರೆ, ನಮ್ಮಲ್ಲಿ ವಂಕಿ ಅನ್ನುವ ಕಾಪರ್ ಟಿ (380ಎ 10 ವರ್ಷ ಬರುತ್ತದೆ). ಸರ್ಕಾರಿ ಆಸ್ಪತ್ರೆಯಲ್ಲಿ 3 ತಿಂಗಳಿಗೊಂದು 'ಅಂತರಾ' ಇಂಜೆಕ್ಷನ್ ಮತ್ತು 'ಛಾಯಾ' ಮಾತ್ರೆ ದುಡ್ಡಿಲ್ಲದೆ ಸಿಗುತ್ತವೆ. ಛಾಯಾದಲ್ಲಿ ಹಾರ್ಮೋನ್ ಇಲ್ಲ, ಮೊದಲ 3 ತಿಂಗಳು ವಾರಕ್ಕೆ 2, ಆಮೇಲೆ ವಾರಕ್ಕೆ 1.

ರಕ್ತ ಜಾಸ್ತಿ, ನೋವು ಜಾಸ್ತಿ

ಗಂಟೆ ಎರಡು ಗಂಟೆಗೆ ಪ್ಯಾಡ್ ಒದ್ದೆ, ರಾತ್ರಿ ಎರಡು ಪ್ಯಾಡ್ ಒಟ್ಟಿಗೆ ಇಡಬೇಕು, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಟ್ಟಿ ಹೋಗುತ್ತದೆ, 7 ದಿನ ದಾಟುತ್ತದೆ. ಇವುಗಳಲ್ಲಿ ಒಂದಿದ್ದರೂ ಜಾಸ್ತಿ ಅಂತಲೇ ಲೆಕ್ಕ. 'ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ' ಅಂದರೆ ಮನೆಯಲ್ಲಿ ಎಲ್ಲರಿಗೂ ಹಿಮೋಗ್ಲೋಬಿನ್ ಕಮ್ಮಿ ಇದೆ ಅಂತಲೂ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು.

ಬಸಿರಲ್ಲದವರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. ಬೀಟ್‌ರೂಟ್ ಜ್ಯೂಸ್ ಬಣ್ಣ ಮಾತ್ರ ಕೆಂಪು, ಅದರಿಂದ 8 ಇದ್ದದ್ದು 12 ಆಗುವುದಿಲ್ಲ. ಕಬ್ಬಿಣದ ಮಾತ್ರೆ ಬೇಕು, ನಿಂಬೆ ಪಾನಕದ ಜೊತೆ ತಗೊಂಡರೆ ಚೆನ್ನಾಗಿ ಹಿಡಿಯುತ್ತದೆ, ಕಾಫಿ ಟೀ ಮತ್ತು ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಬೇಡ. ಮಲ ಕಪ್ಪಗಾಗುತ್ತದೆ, ಹೆದರಬೇಡಿ.

ನೋವಿನ ಮಾತ್ರೆ ವಿಷಯದಲ್ಲಿ ತಡೆದುಕೊಂಡು ತಡೆದುಕೊಂಡು ಕೊನೆಗೆ ನುಂಗುವುದು ನಮ್ಮ ಅಭ್ಯಾಸ. ಅದು ಉಲ್ಟಾ. ಗರ್ಭಕೋಶವನ್ನು ಹಿಂಡುವ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ಈ ಮಾತ್ರೆ ತಡೆಯುತ್ತದೆ, ಹಾಗಾಗಿ ನೋವು ಶುರುವಾದ ಕೂಡಲೇ ಊಟದ ಮೇಲೆ ತಗೋಬೇಕು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರು ಕೇಳಿ ತಗೊಳ್ಳಿ. ಮುಟ್ಟಿನ ನೋವಿಗೆ ಕೊಡುವ ಮೆಫೆನಮಿಕ್ ಆಸಿಡ್ ಮಾತ್ರೆ ತಗೊಂಡ ಮೇಲೆ ಜ್ವರ, ಮೈಮೇಲೆ ಗಂಧೆ ಬಂದರೆ ನಿಲ್ಲಿಸಿ ಡಾಕ್ಟರನ್ನು ನೋಡಿ, ಈ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಭಾರತೀಯ ಫಾರ್ಮಕೋಪಿಯ ಆಯೋಗ ಎಚ್ಚರಿಕೆ ಕೊಟ್ಟಿತ್ತು. ಮಾತ್ರೆಗೂ ಬಗ್ಗದ ನೋವು, ಮುಟ್ಟಿನ ದಿನ ಮಲವಿಸರ್ಜನೆಗೆ ಕೂತರೆ ನೋವು, ಸಂಪರ್ಕದಲ್ಲಿ ಆಳದಲ್ಲಿ ನೋವು ಇದ್ದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ) ಇದೆಯಾ ಅಂತ ನೀವೇ ಬಾಯಿಬಿಟ್ಟು ಕೇಳಿ.

ಬಿಳಿಸೆರಗು, ಉರಿ, ಸಂಪರ್ಕದ ನೋವು

ಬಿಳಿ ಹೋದರೆ ಮೂಳೆ ಕರಗುತ್ತದೆ ಅನ್ನುವ ಭಯ ಇನ್ನೂ ಇದೆ. ಕರಗುವುದಿಲ್ಲ. ಚಕ್ರದ ಮಧ್ಯೆ ಮೊಟ್ಟೆಯ ಬಿಳಿಯಂತೆ ಎಳೆಯಾಗಿ ಹೋಗುವುದು ಅಂಡ ಬಿಡುಗಡೆಯ ಗುರುತು. ಒಡೆದ ಮೊಸರಿನಂತಿದ್ದು ತುರಿಕೆ ಇದ್ದರೆ ಫಂಗಸ್, ಪದೇ ಪದೇ ಬಂದರೆ ಶುಗರ್ ಟೆಸ್ಟ್ ಮಾಡಿಸಿ. ಬೂದು ಬಣ್ಣ, ಮೀನಿನ ವಾಸನೆ, ಅಥವಾ ಹಸಿರು ಹಳದಿ ನೊರೆ ಇದ್ದರೆ ಔಷಧಿ ಬೇಕು, ಕೆಲವದರಲ್ಲಿ ಗಂಡನಿಗೂ. ಒಳಗೆ ಸೋಪು, ಡೆಟಾಲ್, ಘಮಘಮ ವಾಷ್ ಯಾವುದೂ ಹಾಕಬೇಡಿ. ಒಳಭಾಗ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ.

ಸಂಪರ್ಕದಲ್ಲಿ ನೋವಾದರೆ 'ಅಭ್ಯಾಸವಾಗುತ್ತೆ' ಅಂತ ಹಲ್ಲು ಕಚ್ಚಬೇಡಿ. ಒಣಗಿದ್ದರೆ ನೀರಿನ ಅಂಶದ ಜೆಲ್ ಸಾಕು, ಕಾಂಡೋಮ್ ಬಳಸುವಾಗ ಕೊಬ್ಬರಿ ಎಣ್ಣೆ ಬೇಡ, ರಬ್ಬರ್ ಹರಿಯುತ್ತದೆ. ಒಳಗೆ ಬಿಗಿದುಕೊಂಡು ಏನೂ ಸಾಧ್ಯವಾಗದಿದ್ದರೆ ಅದಕ್ಕೆ ವಜೈನಿಸ್ಮಸ್ ಅಂತ ಹೆಸರಿದೆ, ಚಿಕಿತ್ಸೆಯೂ ಇದೆ. ಮೊದಲ ಸಲ ರಕ್ತ ಬರಲೇಬೇಕು ಅಂತಿಲ್ಲ. ಆದರೆ ಯಾವಾಗಲೂ ಸೇರಿದ ಮೇಲೆ ರಕ್ತ ಕಾಣುತ್ತಿದ್ದರೆ ಗರ್ಭಕೋಶದ ಬಾಯಿಯನ್ನು ಪರೀಕ್ಷೆ ಮಾಡಿಸಿ.

ನಲವತ್ತು ದಾಟಿದ ಮೇಲೆ

12 ತಿಂಗಳು ಸತತವಾಗಿ ಆಗದಿದ್ದರೆ ಮುಟ್ಟು ನಿಂತಿತು ಅಂತ ಅರ್ಥ. ಆಮೇಲೆ ಒಂದು ಹನಿ ರಕ್ತ ಕಂಡರೂ ಅದೇ ವಾರ ತೋರಿಸಿ. ನಿಲ್ಲುವ ಮುಂಚಿನ ವರ್ಷಗಳಲ್ಲಿ ಏರುಪೇರು, ಮೈ ಬಿಸಿಯಾಗಿ ಬೆವರುವುದು, ನಿದ್ದೆ ಬಾರದಿರುವುದು ಸಾಮಾನ್ಯ, ತಡೆಯಲಾಗದಿದ್ದರೆ ಔಷಧಿ ಇದೆ.

'ಗರ್ಭಕೋಶಕ್ಕೆ ಬಾವು ಬಂದಿದೆ, ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್' ಅಂದರೆ ಅಂದೇ ಅಡ್ಮಿಟ್ ಆಗಬೇಡಿ. ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ, ದಲಿತ ಹೆಂಗಸರ ಗರ್ಭಕೋಶಗಳನ್ನು ಬೇಡದಿದ್ದರೂ ತೆಗೆದದ್ದು 2015ರ ಸುಮಾರಿಗೆ ಬಯಲಾಗಿತ್ತು. ಯಾಕೆ ತೆಗೆಯಬೇಕು, ಮಾತ್ರೆಯಲ್ಲಿ ಆಗಲ್ವಾ, ಹಾರ್ಮೋನ್ ಇರುವ ವಂಕಿ ಹಾಕಿ ನೋಡಬಹುದಾ, ಅಂಡಾಶಯ ಉಳಿಸುತ್ತೀರಾ ಅಂತ ಕೇಳಿ. ರಿಪೋರ್ಟ್ ತಗೊಂಡು ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಗರ್ಭಕೋಶದಲ್ಲಿ ಬೆಳೆಯುವ ಫೈಬ್ರಾಯ್ಡ್ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲವೇ ಅಲ್ಲ.

ಹೋಗುವಾಗ

ಮದುವೆ ಆಗಿದೆಯಾ ಅಂತ ಕೇಳಿದರೆ ಅವರು ನಿಜವಾಗಿ ಕೇಳುತ್ತಿರುವುದು ಸಂಪರ್ಕ ಆಗಿದೆಯಾ ಅಂತ. ಅದಕ್ಕೇ ಉತ್ತರ ಕೊಡಿ, ಸುಳ್ಳು ಹೇಳಿದರೆ ತಪ್ಪು ಔಷಧಿ ನಿಮಗೇ. ಅಮ್ಮನ ಎದುರು ಆಗದಿದ್ದರೆ 'ಇವರು ಸ್ವಲ್ಪ ಹೊರಗೆ ಇರಲಿ' ಅನ್ನಬಹುದು. ಒಳಗೆ ಪರೀಕ್ಷೆ ಮಾಡುವ ಮುಂಚೆ ಯಾಕೆ ಅಂತ ಕೇಳಬಹುದು, ಬೇಡ ಅನ್ನಬಹುದು, ಸಂಪರ್ಕ ಆಗದವರಿಗೆ ಹೊಟ್ಟೆ ಮೇಲಿಂದಲೇ ಸ್ಕ್ಯಾನ್ ಮಾಡುತ್ತಾರೆ. ಅದಕ್ಕೆ ಮೂತ್ರಕೋಶ ತುಂಬಿರಬೇಕು, ನೀರು ಕುಡಿದು ಹೋಗಿ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ, ಆರೋಗ್ಯ ಸಹಾಯವಾಣಿ 104. ಸ್ನೇಹ ಕ್ಲಿನಿಕ್‌ಗೆ ಹೋಗುವ ಮುಂಚೆ ಯಾವ ದಿನ, ಎಷ್ಟು ಹೊತ್ತಿಗೆ ಇರುತ್ತಾರೆ ಅಂತ ವಿಚಾರಿಸಿಕೊಳ್ಳಿ.